ಉಚಿತ ಪ್ರವಾಸದ ಸುಳ್ಳು ಬಹುಮಾನ: ಟ್ರಾಯ್ ಮತ್ತು ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಅಧ್ಯಕ್ಷರು, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ಹಾಗೂ
ಮುಖ್ಯ ಆಯುಕ್ತರು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಇವರಿಗೆ

ಮಾನ್ಯರೇ,

ಉಚಿತ ಪ್ರವಾಸದ ಬಹುಮಾನ ಬಂದಿದೆ ಎಂದು ಫೋನಿನಲ್ಲಿ ನಂಬಿಸಿ, ಜನರನ್ನು ಹೋಟೆಲಿನ ಸಭಾಂಗಣಕ್ಕೆ ಕರೆಸಿಕೊಂಡು, ಅವರಿಂದ ಲಕ್ಷಗಟ್ಟಲೆ ರೂಪಾಯಿಯ ಹಾಲಿಡೇ ಕ್ಲಬ್ ಸದಸ್ಯತ್ವಕ್ಕೆ ಸಹಿ ಹಾಕಿಸಿಕೊಳ್ಳುವ ದಂಧೆಯ ಬಗ್ಗೆ ನಿಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಿಬ್ಬರಿಗೂ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಕರೆ ಬಂದ ದೂರವಾಣಿ ಸಂಖ್ಯೆ ಟ್ರಾಯ್‌ನ ವ್ಯಾಪ್ತಿಗೆ ಬರುತ್ತದೆ, ಆ ಕರೆಯಲ್ಲಿ ಹೇಳಿದ ಸುಳ್ಳು ಗ್ರಾಹಕ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ, ಹಣ ಕೈಬಿಟ್ಟ ಮೇಲೆ ವಿಷಯ ಪೊಲೀಸ್ ಠಾಣೆಗೋ ಗ್ರಾಹಕ ಆಯೋಗಕ್ಕೋ ಹೋಗುತ್ತದೆ. ಮೋಸ ಹೋದವರ ಪಾಲಿಗೆ ಇದೆಲ್ಲ ಒಂದೇ ದಿನದಲ್ಲಿ ನಡೆದ ಒಂದೇ ಘಟನೆ. ಆದರೆ ವ್ಯವಸ್ಥೆ ಅದನ್ನು ತುಂಡು ತುಂಡಾಗಿ ನೋಡುತ್ತದೆ, ಮತ್ತು ಪ್ರತಿ ತುಂಡೂ ಬಿಡಿಯಾಗಿ ನೋಡಿದಾಗ ದೊಡ್ಡ ಅಪರಾಧದಂತೆ ಕಾಣುವುದಿಲ್ಲ. ಈ ದಂಧೆ ಇಷ್ಟು ವರ್ಷ ನಿರಾತಂಕವಾಗಿ ನಡೆದುಕೊಂಡು ಬಂದಿರುವುದಕ್ಕೆ ಮುಖ್ಯ ಕಾರಣ ಇದೇ ಎಂದು ನಾನು ನಂಬಿದ್ದೇನೆ.

ಮೊದಲು ಆ ಕರೆ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ದೂರಿನ ನಮೂನೆಯಲ್ಲಿ ಅದನ್ನು ಬರೆಯಲು ಜಾಗವಿರುವುದಿಲ್ಲ. ಸಂಖ್ಯೆ ಸಾಮಾನ್ಯವಾದ ಹತ್ತು ಅಂಕಿಯ ಮೊಬೈಲ್ ಸಂಖ್ಯೆ. ಆ ಕಡೆಯ ಧ್ವನಿ ಕಂಪನಿಯ ಹೆಸರನ್ನು ಅರ್ಥವಾಗದಷ್ಟು ವೇಗವಾಗಿ ಹೇಳಿ ಮುಗಿಸಿ, ನಂತರದ ಮಾತನ್ನು ಮಾತ್ರ ನಿಧಾನವಾಗಿ, ಸಂತೋಷದ ದನಿಯಲ್ಲಿ ಹೇಳುತ್ತದೆ: “ಸರ್, ನಮ್ಮ ಲಕ್ಕಿ ಡ್ರಾದಲ್ಲಿ ನಿಮ್ಮ ನಂಬರ್ ಸೆಲೆಕ್ಟ್ ಆಗಿದೆ. ಮೂರು ರಾತ್ರಿ, ನಾಲ್ಕು ಹಗಲಿನ ಹಾಲಿಡೇ ಪ್ಯಾಕೇಜ್, ಪೂರ್ತಿ ಫ್ರೀ.” ಯಾವ ಡ್ರಾ, ಯಾವಾಗ ನಡೆಯಿತು ಎಂದು ಕೇಳಿದರೆ, ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ನೀವು ಕೂಪನ್ ತುಂಬಿದ್ದಿರಿ ಎನ್ನುತ್ತಾರೆ, ತುಂಬಿಲ್ಲ ಎಂದರೆ, ಕೆಲವು ನಂಬರ್‌ಗಳನ್ನು ಕಂಪ್ಯೂಟರ್ ತಾನೇ ಆರಿಸುತ್ತದೆ ಎನ್ನುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮದುವೆಯಾಗಿದೆಯೇ, ವಯಸ್ಸು ಎಷ್ಟು, ಇಬ್ಬರೂ ಕೆಲಸಕ್ಕೆ ಹೋಗುತ್ತೀರಾ, ತಿಂಗಳ ಆದಾಯ ಇಷ್ಟಕ್ಕಿಂತ ಮೇಲಿದೆಯೇ. ಕೊನೆಯಲ್ಲಿ, ತೀರಾ ಸಹಜವೆಂಬಂತೆ ಒಂದು ಪ್ರಶ್ನೆ: “ಕ್ರೆಡಿಟ್ ಕಾರ್ಡ್ ಇದೆಯಾ ಸರ್? ನಂಬರ್ ಏನೂ ಬೇಡ, ಇದೆಯೋ ಇಲ್ಲವೋ ಅಷ್ಟೇ ಹೇಳಿ.”

ನಿಜವಾಗಿ ಬಹುಮಾನ ಬಂದವರ ಬಳಿ ಕ್ರೆಡಿಟ್ ಕಾರ್ಡ್ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ನಡೆಯುತ್ತಿರುವುದು ವಿಜೇತರ ಆಯ್ಕೆಯಲ್ಲ, ಗಿರಾಕಿಗಳ ಸೋಸಾಟ. ಉತ್ತರಗಳು ತೃಪ್ತಿಕರವಾಗಿದ್ದರೆ ಮಾತ್ರ ಮುಂದಿನ ಮಾತು: ಗಿಫ್ಟ್ ವೋಚರ್ ಪಡೆಯಲು ಇಂದು ಸಂಜೆಯೇ, ಹೆಚ್ಚೆಂದರೆ ನಾಳೆ, ಇಂಥ ಹೋಟೆಲಿಗೆ ಬರಬೇಕು, ಮತ್ತು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಬರಬೇಕು. ಒಬ್ಬರೇ ಬಂದರೆ ವೋಚರ್ ಕೊಡುವುದಿಲ್ಲ. ಈ ಷರತ್ತು ಕುಟುಂಬದ ಮೇಲಿನ ಪ್ರೀತಿಯಿಂದ ಹುಟ್ಟಿದ್ದಲ್ಲ. ಒಬ್ಬರೇ ಇದ್ದರೆ “ಮನೆಯಲ್ಲಿ ಕೇಳಿ ಹೇಳುತ್ತೇನೆ” ಎಂದು ಎದ್ದು ಹೋಗಬಹುದು. ಇಬ್ಬರೂ ಇದ್ದರೆ ಆ ಮಾತಿಗೆ ಅವಕಾಶವೇ ಇರುವುದಿಲ್ಲ.

ನನ್ನ ಕುಟುಂಬದ ಹಿರಿಯ ದಂಪತಿ ಇಂಥ ಒಂದು ಸಭಾಂಗಣಕ್ಕೆ ಹೋಗಿ ಬಂದರು. ಅಲ್ಲಿ ಏನು ನಡೆಯಿತು ಎಂಬುದನ್ನು ಅವರಿಂದ ಕೇಳಿ, ಅವರು ಸಹಿ ಹಾಕಿದ ಕಾಗದಗಳನ್ನು ಕೂತು ಓದಿದ ಮೇಲೆ ನನಗೆ ಈ ವ್ಯವಹಾರದ ಕುಶಲತೆ ಅರ್ಥವಾಯಿತು. ಸಭಾಂಗಣದ ತುಂಬ ದುಂಡು ಮೇಜುಗಳು, ಪ್ರತಿ ಮೇಜಿಗೆ ಒಂದು ದಂಪತಿ ಮತ್ತು ಒಬ್ಬ ಮಾರಾಟಗಾರ. ಪಕ್ಕದ ಮೇಜಿನ ಮಾತು ಕೇಳದಷ್ಟು ಜೋರಾಗಿ ಹಾಡು. ಬಹುಮಾನದ ಮಾತನ್ನು ಬದಿಗಿಟ್ಟು ಮಾರಾಟಗಾರ ಒಂದು ಬಿಳಿ ಹಾಳೆ ತೆಗೆದು, ವರ್ಷಕ್ಕೆ ಪ್ರವಾಸಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಿ, ಅದನ್ನು ಇಪ್ಪತ್ತೈದು ವರ್ಷಕ್ಕೆ ಗುಣಿಸಿ, ಬೆಲೆ ಏರಿಕೆಯನ್ನೂ ಸೇರಿಸಿ, ಕೆಳಗೆ ಒಂದು ಭಾರಿ ಮೊತ್ತ ಬರೆಯುತ್ತಾನೆ. ಅದರ ಪಕ್ಕದಲ್ಲಿ ಸದಸ್ಯತ್ವದ ಬೆಲೆ. ಗಿರಾಕಿ ಹಿಂಜರಿದರೆ ಆ ಬೆಲೆಯನ್ನು ಹೊಡೆದು ಹಾಕಿ ಇನ್ನೊಂದು, ಮತ್ತೂ ಹಿಂಜರಿದರೆ ಮ್ಯಾನೇಜರ್ ಬಂದು ಮಗದೊಂದು. ನಡುನಡುವೆ ಯಾವುದೋ ಮೇಜಿನಲ್ಲಿ ಯಾರೋ ಸಹಿ ಹಾಕಿದರೆಂದು ಮೈಕಿನಲ್ಲಿ ಅಭಿನಂದನೆ, ಸಭಾಂಗಣದ ತುಂಬ ಚಪ್ಪಾಳೆ. ಈ ಬೆಲೆ ಇವತ್ತಿಗೆ ಮಾತ್ರ, ಈ ಕೋಣೆಯಿಂದ ಹೊರಗೆ ಹೋದರೆ ಇಲ್ಲ ಎಂಬ ಮಾತು ಪದೇ ಪದೇ. ಎರಡು ಗಂಟೆ ಎಂದು ಕರೆಸಿಕೊಂಡದ್ದು ನಾಲ್ಕು ಗಂಟೆಗೆ ಎಳೆದಾಗ ಸುಸ್ತಾದ ಹಿರಿಯರು ಬೇಡ ಎನ್ನಲು ಬೇಕಾದ ಗಟ್ಟಿತನವನ್ನು ಕಳೆದುಕೊಂಡಿರುತ್ತಾರೆ.

ಇಲ್ಲಿ ಒಂದು ವಿವರವನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಎಲ್ಲ ಭರವಸೆಗಳೂ ಇದ್ದ ಆ ಬಿಳಿ ಹಾಳೆಯನ್ನು ಅವರಿಗೆ ಕೊಡಲಿಲ್ಲ. ವರ್ಷದಲ್ಲಿ ಯಾವಾಗ ಬೇಕಾದರೂ ರೂಮ್ ಸಿಗುತ್ತದೆ, ಬೇಡವಾದರೆ ಸದಸ್ಯತ್ವವನ್ನು ನಾವೇ ಮಾರಿಸಿಕೊಡುತ್ತೇವೆ, ವಿಮಾನದ ಟಿಕೆಟ್ ಕೂಡ ಸೇರಿದೆ ಎಂದು ಬರೆದು ಗೆರೆ ಎಳೆದು ತೋರಿಸಿದ ಹಾಳೆ, ಕಾರ್ಡ್ ಸ್ವೈಪ್ ಆದ ಕೂಡಲೇ ಮೇಜಿನಿಂದ ಮಾಯವಾಯಿತು. ಕೈಗೆ ಬಂದದ್ದು ಸಣ್ಣ ಅಕ್ಷರಗಳ ಮುದ್ರಿತ ಒಪ್ಪಂದ. ಅದರಲ್ಲಿ ಬಾಯಿಮಾತಿನ ಯಾವ ಭರವಸೆಗೂ ಕಂಪನಿ ಬದ್ಧವಲ್ಲ ಎಂಬ ಸಾಲು, ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸಾಗುವುದಿಲ್ಲ ಎಂಬ ಸಾಲು, ಸದಸ್ಯತ್ವವನ್ನು ಬಳಸಲಿ ಬಿಡಲಿ ಪ್ರತಿ ವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕೆಂಬ ಸಾಲು. ಇನ್ನು ಅವರನ್ನು ಅಲ್ಲಿಗೆ ಎಳೆದು ತಂದ ಆ ಉಚಿತ ಪ್ರವಾಸದ ವೋಚರ್: ಅದನ್ನು ಬಳಸಲು ನೋಂದಣಿ ಶುಲ್ಕ ಬೇರೆ, ತೆರಿಗೆ ಬೇರೆ, ಬಹಳ ಮುಂಚೆಯೇ ತಿಳಿಸಬೇಕು, ರಜಾದಿನಗಳಲ್ಲಿ ಮತ್ತು ವಾರಾಂತ್ಯದಲ್ಲಿ ನಡೆಯುವುದಿಲ್ಲ, ಪ್ರಯಾಣದ ವೆಚ್ಚ ಅವರದೇ. ಎಲ್ಲವನ್ನೂ ಕೂಡಿಸಿ ನೋಡಿದರೆ ತಾವೇ ರೂಮ್ ಬುಕ್ ಮಾಡಿಕೊಂಡು ಹೋಗಿ ಬರುವುದಕ್ಕೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಇದು ಒಂದು ಬಗೆ. ಇದಕ್ಕಿಂತ ನೇರವಾದ ಇನ್ನೊಂದು ಬಗೆಯಲ್ಲಿ ಸಭಾಂಗಣವೂ ಇಲ್ಲ, ಒಪ್ಪಂದವೂ ಇಲ್ಲ. ಬಹುಮಾನದ ಪ್ಯಾಕೇಜ್ ಬಿಡುಗಡೆ ಮಾಡಲು ಜಿಎಸ್‌ಟಿ ಅಥವಾ ಬುಕಿಂಗ್ ಶುಲ್ಕ ಎಂದು ಯುಪಿಐ ಮೂಲಕ ಹಣ ಹಾಕಿಸಿಕೊಂಡು ಸಂಖ್ಯೆಯನ್ನೇ ಬಂದ್ ಮಾಡುತ್ತಾರೆ. ಅದು ಶುದ್ಧ ವಂಚನೆ, ಅದಕ್ಕೆ ಸೈಬರ್ ಅಪರಾಧ ಸಹಾಯವಾಣಿ 1930 ಇದೆ. ಈ ಪತ್ರದಲ್ಲಿ ನಾನು ಹೆಚ್ಚು ಒತ್ತು ಕೊಡುತ್ತಿರುವುದು ಮೊದಲನೆಯ ಬಗೆಗೆ, ಏಕೆಂದರೆ ಅದಕ್ಕೆ ನೋಂದಾಯಿತ ಕಂಪನಿಯ ಮುಖವಿದೆ, ರಸೀದಿ ಇದೆ, ಕಚೇರಿ ಇದೆ. ಇಷ್ಟೆಲ್ಲ ಗುರುತು ಬಿಟ್ಟುಹೋದರೂ ಯಾರೂ ಅದನ್ನು ಮುಟ್ಟುತ್ತಿಲ್ಲ ಎಂಬುದೇ ನನ್ನ ನೋವು.

ಟ್ರಾಯ್ ಏನೂ ಮಾಡಿಲ್ಲ ಎಂದು ಹೇಳಿದರೆ ಅದು ಸತ್ಯಕ್ಕೆ ದೂರವಾದ ಮಾತು. 2007ರಲ್ಲಿ ‘ಕರೆ ಮಾಡಬೇಡಿ’ ನೋಂದಣಿ ಬಂತು. 2010ರ ನಿಯಮಾವಳಿಯಲ್ಲಿ ಗ್ರಾಹಕರು ಯಾವ ವಿಷಯದ ಕರೆ ಬೇಕು, ಯಾವುದು ಬೇಡ ಎಂದು ಆರಿಸಿಕೊಳ್ಳುವ ಅವಕಾಶ ದೊರಕಿತು, ಟೆಲಿಮಾರ್ಕೆಟಿಂಗ್ ಕರೆಗಳಿಗೆ 140ರಿಂದ ಶುರುವಾಗುವ ಸಂಖ್ಯೆಗಳು ನಿಗದಿಯಾದವು. 2018ರ ನಿಯಮಾವಳಿ ಬ್ಲಾಕ್‌ಚೈನ್ (ಸುಲಭವಾಗಿ ತಿದ್ದಲಾಗದ ಹಂಚಿಕೆಯ ಡಿಜಿಟಲ್ ದಾಖಲೆ) ಆಧಾರಿತ ನೋಂದಣಿಯನ್ನು ತಂದಿತು. 2024ರ ಆಗಸ್ಟ್‌ನಲ್ಲಿ ನೋಂದಾಯಿಸದ ಟೆಲಿಮಾರ್ಕೆಟಿಂಗ್‌ನಲ್ಲಿ ತೊಡಗಿದವರ ಎಲ್ಲ ದೂರಸಂಪರ್ಕ ಸೌಲಭ್ಯಗಳನ್ನು ಕಡಿತಗೊಳಿಸಿ, ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಲು ದೂರಸಂಪರ್ಕ ಕಂಪನಿಗಳಿಗೆ ನಿರ್ದೇಶನ ಹೋಯಿತು. 2025ರ ಫೆಬ್ರುವರಿಯ ತಿದ್ದುಪಡಿ ಇನ್ನೂ ಮುಂದೆ ಹೋಗಿ, ದೂರು ನೀಡುವ ಅವಧಿಯನ್ನು ಮೂರು ದಿನದಿಂದ ಏಳು ದಿನಕ್ಕೆ ಏರಿಸಿತು, ಆದ್ಯತೆ ನೋಂದಾಯಿಸದವರಿಗೂ ದೂರು ಕೊಡುವ ಹಕ್ಕು ಕೊಟ್ಟಿತು, ನೋಂದಾಯಿಸದೆ ಟೆಲಿಮಾರ್ಕೆಟಿಂಗ್ ಮಾಡುವವರ ವಿರುದ್ಧ ಕ್ರಮಕ್ಕೆ ಇದ್ದ 30 ದಿನಗಳ ಗಡುವನ್ನು 5 ದಿನಕ್ಕೆ ಇಳಿಸಿತು. ಹತ್ತು ದಿನದಲ್ಲಿ ಐದು ದೂರು ಬಂದರೆ ಸಾಕು, ಕ್ರಮ ಜರುಗಿಸಬಹುದು. ಮೊದಲ ಬಾರಿ 15 ದಿನ ಹೊರಹೋಗುವ ಕರೆಗಳಿಗೆ ತಡೆ, ಮರುಕಳಿಸಿದರೆ ಒಂದು ವರ್ಷ ಪೂರ್ತಿ ಸಂಪರ್ಕ ಕಡಿತ. ಕಾಗದದ ಮೇಲೆ ಇವು ಗಟ್ಟಿ ನಿಯಮಗಳು, ಇದಕ್ಕಾಗಿ ಶ್ರಮಿಸಿದ ಅಧಿಕಾರಿಗಳಿಗೆ ನಾನು ಕೃತಜ್ಞ.

ಆದರೆ ಈ ನಿಯಮಗಳೆಲ್ಲ ಸಂಖ್ಯೆಯ ಸುತ್ತ ತಿರುಗುತ್ತವೆ. ಆದ್ಯತೆಯ ಪಟ್ಟಿಯಲ್ಲಿ ಪ್ರವಾಸ ಮತ್ತು ವಿರಾಮಕ್ಕೆ ಪ್ರತ್ಯೇಕವಾಗಿ ಏಳನೆಯ ವರ್ಗವೇ ಇದೆ. ಅದನ್ನು ತಡೆಹಿಡಿದವರಿಗೂ ಈ ಕರೆಗಳು ಬರುತ್ತವೆ, ಏಕೆಂದರೆ ಕರೆ ಮಾಡುವವರು 140ರ ಸಂಖ್ಯೆಯನ್ನೂ ಬಳಸುವುದಿಲ್ಲ, ಎಲ್ಲೂ ನೋಂದಾಯಿಸಿಯೂ ಇಲ್ಲ. ಅವರ ಕೈಯಲ್ಲಿರುವುದು ಯಾರ್‍ಯಾರದೋ ಹೆಸರಿನ ಸಾಮಾನ್ಯ ಸಿಮ್ ಕಾರ್ಡ್‌ಗಳು. ಐದು ದೂರುಗಳು ಸೇರಿ, ಕ್ರಮದ ದಿನ ಬರುವಷ್ಟರಲ್ಲಿ ಆ ಸಿಮ್ ಮೂಲೆ ಸೇರಿ ಹೊಸದು ಬಂದಿರುತ್ತದೆ. ಸಂಪರ್ಕ ಕಡಿತವಾದರೂ ನಷ್ಟ ಒಂದು ಸಿಮ್ ಕಾರ್ಡ್‌ನದು, ಹೆಚ್ಚೆಂದರೆ ತಿಂಗಳ ಸಂಬಳಕ್ಕೂ ಟಾರ್ಗೆಟ್‌ಗೂ ನಡುವೆ ಒದ್ದಾಡುವ ಆ ಕಾಲ್ ಸೆಂಟರ್ ಹುಡುಗಿಯದು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಸಂಜೆ ಹೋಟೆಲಿನ ಬಾಡಿಗೆ ಕಟ್ಟಿ, ರಸೀದಿಯ ಮೇಲೆ ತನ್ನ ಮುದ್ರೆ ಒತ್ತಿ, ಹಣವನ್ನು ತನ್ನ ಖಾತೆಗೆ ಜಮಾ ಮಾಡಿಕೊಂಡ ಸಂಸ್ಥೆಗೆ ಏನೂ ಆಗುವುದಿಲ್ಲ ಎಂಬುದರ ಬಗ್ಗೆ ಸಿಟ್ಟಿದೆ.

ನಿಮ್ಮದೇ 2018ರ ನಿಯಮಾವಳಿಯ ಪ್ರಕಾರ ‘ಕಳುಹಿಸುವವರು’ (ಸೆಂಡರ್) ಎಂದರೆ ಕರೆ ಮಾಡಿದ ಸಂಖ್ಯೆಯ ಒಡೆಯರಷ್ಟೇ ಅಲ್ಲ, ಆ ಕರೆಯನ್ನು ಮಾಡಿಸಿದವರು, ಅದಕ್ಕೆ ಅಧಿಕಾರ ಕೊಟ್ಟವರು ಕೂಡ. ಹಾಗಾದರೆ ದೂರು ಬಂದಾಗ ತನಿಖೆ ಆ ಮಾಡಿಸಿದವರವರೆಗೆ ಏಕೆ ಹೋಗುವುದಿಲ್ಲ? ಇತರ ಅನಪೇಕ್ಷಿತ ಕರೆಗಳಲ್ಲಿ ಹಿಂದಿರುವವರನ್ನು ಹುಡುಕುವುದು ಕಷ್ಟವಿರಬಹುದು. ಇಲ್ಲಿ ಹುಡುಕುವ ಅಗತ್ಯವೇ ಇಲ್ಲ. ಅವರು ತಾವೇ ವಿಳಾಸ ಕೊಟ್ಟು ಕರೆಯುತ್ತಾರೆ: ಇಂಥ ಹೋಟೆಲು, ಇಂಥ ಸಭಾಂಗಣ, ಸಂಜೆ ಇಷ್ಟು ಗಂಟೆ. ಬಹಳ ಸಲ ಅದೇ ವಿಳಾಸ ವಾಟ್ಸ್‌ಆ್ಯಪ್ ಸಂದೇಶವಾಗಿಯೂ ಬರುತ್ತದೆ. ಅನಪೇಕ್ಷಿತ ಕರೆಗಳ ದೂರಿಗೆಂದು ಇರುವ 1909 ಸಂಖ್ಯೆಗೆ ನೀಡುವ ದೂರಿನಲ್ಲಿ ಕರೆ ಬಂದ ಸಂಖ್ಯೆ, ದಿನಾಂಕ ಮತ್ತು ಚುಟುಕಾದ ವಿವರಣೆ ಇದ್ದರೆ ಸಾಕು ಎಂದು 2025ರ ತಿದ್ದುಪಡಿ ಹೇಳುತ್ತದೆ. ದೂರು ಕೊಡುವುದು ಸುಲಭವಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಬಹುಮಾನದ ಹೆಸರಿನ ಆಹ್ವಾನಗಳಿಗೆ ಅದರಲ್ಲಿ ಇನ್ನೊಂದು ಖಾನೆ ಇರಲಿ: ಎಲ್ಲಿಗೆ ಬರಲು ಹೇಳಿದರು, ಯಾವ ಸಂಸ್ಥೆಯ ಹೆಸರು ಹೇಳಿದರು. ಬೇರೆ ಬೇರೆ ಸಂಖ್ಯೆಗಳಿಂದ ಬಂದ ಕರೆಗಳೂ ಒಂದೇ ಸಭಾಂಗಣಕ್ಕೆ ಕರೆದಿದ್ದರೆ ಅವೆಲ್ಲ ಒಂದೇ ಸಂಸ್ಥೆಯ ವಿರುದ್ಧದ ದೂರುಗಳೆಂದು ಎಣಿಕೆಯಾಗಲಿ. ಐದು ದೂರಿನ ಮಿತಿಯನ್ನು ಒಂದು ಸಿಮ್‌ಗೆ ಅನ್ವಯಿಸುವ ಬದಲು ಒಂದು ವಿಳಾಸಕ್ಕೆ ಅನ್ವಯಿಸಿದರೆ, ಆ ಮಿತಿ ಒಂದೇ ಮಧ್ಯಾಹ್ನದಲ್ಲಿ ದಾಟಬಹುದು ಎಂದು ನನ್ನ ಅಂದಾಜು.

ಕರೆ ಮಾಡಿದವರ ಹೆಸರು ಪರದೆಯ ಮೇಲೆ ಕಾಣಿಸಬೇಕು ಎಂದು 2024ರ ಫೆಬ್ರುವರಿಯಲ್ಲಿ ನೀವು ಶಿಫಾರಸು ಮಾಡಿದಿರಿ. ಸಿಮ್ ಪಡೆಯುವಾಗ ಕೊಟ್ಟ ಅರ್ಜಿಯಲ್ಲಿರುವ ಹೆಸರೇ ಕಾಣಿಸುವ ಆ ವ್ಯವಸ್ಥೆಯಿಂದ ಸ್ವಲ್ಪ ಉಪಯೋಗವಿದೆ. ಆದರೆ ಸಿಮ್ ಯಾರದೋ ವ್ಯಕ್ತಿಯ ಹೆಸರಿನಲ್ಲಿದ್ದರೆ ಕಾಣುವುದು ಆ ವ್ಯಕ್ತಿಯ ಹೆಸರು ಮಾತ್ರ, ಕಂಪನಿಯದಲ್ಲ. ಈ ದಂಧೆಯ ಮಟ್ಟಿಗೆ ಅದನ್ನು ಪರಿಹಾರ ಎಂದು ಭಾವಿಸಬಾರದು.

ಈಗ ಗ್ರಾಹಕ ಪ್ರಾಧಿಕಾರದ ಕಡೆಗೆ ಬರುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಓದಿದಾಗ, ಈ ದಂಧೆಯನ್ನೇ ಎದುರಿಗಿಟ್ಟುಕೊಂಡು ಬರೆದರೇನೋ ಎನಿಸುವ ಒಂದು ಭಾಗ ಸಿಗುತ್ತದೆ. ಅನುಚಿತ ವ್ಯಾಪಾರ ಪದ್ಧತಿಯ ವ್ಯಾಖ್ಯೆಯಲ್ಲಿ, ಎಂದರೆ ಎರಡನೆಯ ಸೆಕ್ಷನ್‌ನ 47ನೆಯ ಉಪವಿಭಾಗದಲ್ಲಿ, ಹೇಳಿದಂತೆ ಕೊಡುವ ಉದ್ದೇಶವಿಲ್ಲದೆ ಉಡುಗೊರೆ, ಬಹುಮಾನಗಳನ್ನು ನೀಡುತ್ತೇವೆ ಎನ್ನುವುದು ಸೇರಿದೆ. ವಸೂಲಿ ಮಾಡುವ ಹಣದಲ್ಲೇ ಪೂರ್ತಿಯಾಗಿಯೋ ಭಾಗಶಃವೋ ಬೆಲೆ ಸೇರಿರುವಾಗ ಅದನ್ನು ಉಚಿತವೆಂದು ನಂಬಿಸುವುದೂ ಸೇರಿದೆ. ಅದೇ ಕಾಯ್ದೆಯಲ್ಲಿ ಜಾಹೀರಾತು ಎಂದರೆ ಪತ್ರಿಕೆಯಲ್ಲೋ ಟಿವಿಯಲ್ಲೋ ಬರುವುದಷ್ಟೇ ಅಲ್ಲ, ಧ್ವನಿಯ ಮೂಲಕ ಮಾಡುವ ಪ್ರಚಾರವೂ ಜಾಹೀರಾತೇ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರ ನಿಮಗಿದೆ. ಯಾರೂ ದೂರು ಕೊಡದಿದ್ದರೂ ಸ್ವಯಂಪ್ರೇರಿತವಾಗಿ ತನಿಖೆಗೆ ಇಳಿಯುವ, ಕಡತಗಳನ್ನು ಶೋಧಿಸಿ ವಶಪಡಿಸಿಕೊಳ್ಳುವ ಅಧಿಕಾರವೂ ಇದೆ. ಇದೇ ಕಾಯ್ದೆಯ 16ನೆಯ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಗಳು ತಮ್ಮ ವ್ಯಾಪ್ತಿಯಲ್ಲಿ ಗ್ರಾಹಕ ಹಕ್ಕುಗಳ ಉಲ್ಲಂಘನೆಯ ಬಗ್ಗೆ ವಿಚಾರಣೆ ನಡೆಸಿ ನಿಮಗೆ ವರದಿ ಸಲ್ಲಿಸಬಹುದು.

ಈ ಕೊನೆಯ ಅಂಶವೇ ನನಗೆ ಅತ್ಯಂತ ಭರವಸೆಯದಾಗಿ ಕಾಣುತ್ತದೆ. ದಿಲ್ಲಿಯಲ್ಲಿ ಕುಳಿತು ಪ್ರತಿ ಊರಿನ ಹೋಟೆಲನ್ನು ಗಮನಿಸಲು ಯಾರಿಂದಲೂ ಆಗದು. ಆದರೆ ಒಂದು ಜಿಲ್ಲೆಯಲ್ಲಿ ಈ ವಾರಾಂತ್ಯ ಯಾವ ಸಭಾಂಗಣಕ್ಕೆ ದಂಪತಿಗಳನ್ನು ಕರೆಯುತ್ತಿದ್ದಾರೆ ಎಂಬ ಮಾಹಿತಿ 1909ರ ದೂರುಗಳಿಂದ ಮತ್ತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬಂದ ಕರೆಗಳಿಂದ ಜಿಲ್ಲಾಧಿಕಾರಿಗೆ ಅಂದೇ ತಲುಪಿದರೆ, ಒಬ್ಬ ಅಧಿಕಾರಿ ಶನಿವಾರ ಸಂಜೆ ಅಲ್ಲಿಗೆ ಹೋಗಿ ಆ ಬಿಳಿ ಹಾಳೆಗಳನ್ನು ಮೇಜಿನ ಮೇಲಿಂದಲೇ ಎತ್ತಿಕೊಳ್ಳಬಹುದು. ಆಮಂತ್ರಣದ ಕರೆಗಳ ಪಟ್ಟಿ, ಡ್ರಾ ನಡೆಸಿದ್ದಕ್ಕೆ ದಾಖಲೆ, ಅದರಲ್ಲಿ ಭಾಗವಹಿಸಿದವರ ಸಂಖ್ಯೆ, ಬಹುಮಾನ ಬಾರದವರ ಸಂಖ್ಯೆ, ಇಷ್ಟನ್ನು ಕೇಳಿದರೆ ಸಾಕು. ಡ್ರಾ ಎಂಬುದು ನಡೆದಿದ್ದರೆ ಅದರಲ್ಲಿ ಬಹುಮಾನ ಬಾರದೆ ಹೋದವರೂ ಇರಲೇಬೇಕಲ್ಲವೇ. ಇದಕ್ಕೆ ಹೊಸ ಕಾನೂನು ಬೇಡ, ನಿಮ್ಮ ಎರಡು ಕಚೇರಿಗಳ ನಡುವೆ ಮಾಹಿತಿ ಹರಿಯುವ ಒಂದು ದಾರಿ ಬೇಕು.

ನಂಬರ್ ಎಲ್ಲಿಂದ ಸಿಗುತ್ತದೆ ಎಂಬ ಪ್ರಶ್ನೆಯೂ ಇದೆ. ಮಾಲ್‌ಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ ಕಾರೊಂದನ್ನು ನಿಲ್ಲಿಸಿ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಕೂಪನ್ ತುಂಬಿಸಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಆ ಕೂಪನ್‌ನ ಹಿಂಬದಿಯಲ್ಲಿ, ಓದಲಾಗದ ಅಕ್ಷರದಲ್ಲಿ, ಸಂಪರ್ಕಿಸಲು ಒಪ್ಪಿಗೆ ಇದೆ ಎಂಬ ಸಾಲು ಇರುತ್ತದೆ; ದೂರು ಕೊಟ್ಟಾಗ ಅದೇ ಅವರ ಗುರಾಣಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಎಂಬುದು ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದೂ ತಿಳಿದು, ಯಾವ ಷರತ್ತೂ ಇಲ್ಲದೆ ಕೊಟ್ಟದ್ದಾಗಿರಬೇಕು. ಕಾರು ಗೆಲ್ಲುವ ಆಸೆಯಿಂದ ತುಂಬಿದ ಕೂಪನ್ ಹಾಲಿಡೇ ಕ್ಲಬ್‌ನ ಮಾರಾಟಕ್ಕೆ ಒಪ್ಪಿಗೆ ಆಗಲಾರದು. 2023ರ ದೂರಸಂಪರ್ಕ ಕಾಯ್ದೆಯ 28ನೆಯ ಸೆಕ್ಷನ್ ಕೂಡ ಪ್ರಚಾರದ ಸಂದೇಶಗಳಿಗೆ ಮುಂಚಿತವಾದ ಒಪ್ಪಿಗೆಯ ಮಾತನ್ನಾಡುತ್ತದೆ. ಕೂಪನ್‌ನ ಹಿಂಬದಿಯ ಸಾಲನ್ನು ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ ಎಂದು ಟ್ರಾಯ್ ಒಂದು ಸ್ಪಷ್ಟೀಕರಣ ಹೊರಡಿಸಿದರೆ ಆ ಗುರಾಣಿ ಕೆಳಗೆ ಬೀಳುತ್ತದೆ.

ಇಷ್ಟಾದರೂ ಕೆಲವರು ಸಭಾಂಗಣಕ್ಕೆ ಹೋಗಿಯೇ ಹೋಗುತ್ತಾರೆ, ಸಹಿಯನ್ನೂ ಹಾಕುತ್ತಾರೆ. ಅವರಿಗೆ ಬೇಕಾದದ್ದು ಯೋಚಿಸಲು ಸಮಯ. ಐರೋಪ್ಯ ಒಕ್ಕೂಟ ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿದೆ. ಟೈಮ್‌ಶೇರ್ (ಪ್ರತಿ ವರ್ಷ ಕೆಲವು ದಿನ ರೆಸಾರ್ಟಿನಲ್ಲಿ ತಂಗುವ ಹಕ್ಕು) ಮತ್ತು ದೀರ್ಘಾವಧಿಯ ರಜಾ ಸದಸ್ಯತ್ವಗಳ ಬಗ್ಗೆ ಅದು 2009ರಲ್ಲಿ ಹೊರಡಿಸಿದ ನಿರ್ದೇಶನದಂತೆ, ಗ್ರಾಹಕರು ಯಾವ ಕಾರಣವನ್ನೂ ಕೊಡದೆ 14 ದಿನಗಳೊಳಗೆ ಒಪ್ಪಂದದಿಂದ ಹೊರಬರಬಹುದು, ಮತ್ತು ಆ ಅವಧಿ ಮುಗಿಯುವವರೆಗೆ ಮಾರಾಟಗಾರರು ಒಂದು ಪೈಸೆಯನ್ನೂ ಮುಂಗಡವಾಗಿ ಪಡೆಯುವಂತಿಲ್ಲ. ಎರಡನೆಯ ಭಾಗವೇ ಇಲ್ಲಿ ಮುಖ್ಯ. ಬರೀ ವಾಪಸಾತಿಯ ಹಕ್ಕು ಕೊಟ್ಟರೆ ಹಣ ಅವರ ಕೈಯಲ್ಲಿರುತ್ತದೆ, ನಾವು ಅಲೆಯಬೇಕಾಗುತ್ತದೆ. ಹಣವನ್ನೇ ಪಡೆಯುವಂತಿಲ್ಲ ಎಂದರೆ ಆ ಸಂಜೆಯ ಒತ್ತಡಕ್ಕೆ ಅರ್ಥವೇ ಉಳಿಯುವುದಿಲ್ಲ. ಅದೇ ಒಕ್ಕೂಟದ 2005ರ ಇನ್ನೊಂದು ನಿರ್ದೇಶನ, ಇಲ್ಲದ ಬಹುಮಾನವನ್ನು ಗೆದ್ದಿದ್ದೀರಿ ಎಂದು ನಂಬಿಸುವುದನ್ನೂ, ಬಹುಮಾನ ಪಡೆಯಲು ಹಣ ಕಟ್ಟಬೇಕೆನ್ನುವುದನ್ನೂ ಎಲ್ಲ ಸಂದರ್ಭಗಳಲ್ಲೂ ನಿಷಿದ್ಧವಾದ ವರ್ತನೆಗಳ ಪಟ್ಟಿಯಲ್ಲಿ ಸೇರಿಸಿದೆ. ಅಮೆರಿಕದಲ್ಲಿ 1995ರಿಂದ ಜಾರಿಯಲ್ಲಿರುವ ಟೆಲಿಮಾರ್ಕೆಟಿಂಗ್ ಮಾರಾಟ ನಿಯಮದ ಪ್ರಕಾರ, ಫೋನಿನಲ್ಲಿ ಬಹುಮಾನದ ಹೆಸರೆತ್ತುವವರು ಅದನ್ನು ಪಡೆಯಲು ಏನನ್ನೂ ಕೊಳ್ಳಬೇಕಾಗಿಲ್ಲ ಎಂದು ಹೇಳಲೇಬೇಕು.

ನಮ್ಮಲ್ಲಿ ಇಂಥ ಸದಸ್ಯತ್ವಗಳಿಗೆ ಮಾದರಿ ಒಪ್ಪಂದವೊಂದನ್ನು ರೂಪಿಸಿ, ಅದರಲ್ಲಿ 14 ದಿನಗಳ ಕಾಲಾವಕಾಶವನ್ನೂ ಆ ಅವಧಿಯಲ್ಲಿ ಹಣ ಪಡೆಯಬಾರದೆಂಬ ಷರತ್ತನ್ನೂ ಸೇರಿಸಲು ಗ್ರಾಹಕ ಪ್ರಾಧಿಕಾರ ಸರಕಾರಕ್ಕೆ ಶಿಫಾರಸು ಮಾಡಬೇಕು. ಮೇಜಿನ ಮೇಲೆ ಬರೆದು ತೋರಿಸಿದ ಪ್ರತಿಯೊಂದು ಹಾಳೆಯ ನಕಲನ್ನೂ ಗ್ರಾಹಕರಿಗೆ ಕೊಡುವುದು ಕಡ್ಡಾಯವಾಗಬೇಕು. ಪ್ರಾಮಾಣಿಕವಾಗಿ ರೆಸಾರ್ಟ್ ನಡೆಸಿ, ಸದಸ್ಯರಿಗೆ ನಿಜವಾಗಿ ರೂಮ್ ಕೊಡುವ ಕಂಪನಿಗಳಿಗೆ ಇದರಿಂದ ತೊಂದರೆಯಾಗದು. ಎರಡು ವಾರ ಯೋಚಿಸಿದ ಮೇಲೂ ಬೇಕು ಎನ್ನುವ ಗಿರಾಕಿ ಅವರಿಗೆ ಲಾಭವೇ.

ಗ್ರಾಹಕ ಆಯೋಗಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ, ಮತ್ತು ಹಾಲಿಡೇ ಸದಸ್ಯತ್ವದ ಹಣ ವಾಪಸ್ ಕೊಡಿಸಿದ ಆದೇಶಗಳೂ ಬಂದಿವೆ. ಈಗ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಒಪ್ಪಂದದಲ್ಲಿ ದೂರದ ಊರಿನ ನ್ಯಾಯಾಲಯದ ಹೆಸರಿದ್ದರೂ ಹೆದರಬೇಕಾಗಿಲ್ಲ; ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಆದರೆ ಒಪ್ಪಂದದ ಷರತ್ತುಗಳೇ ಅನ್ಯಾಯದವು ಎಂದು ಪ್ರಶ್ನಿಸಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಹಣ ವಾಪಸಾಗುವುದಿಲ್ಲ ಎಂಬ ಒಂದು ಸಾಲನ್ನು ಪ್ರಶ್ನಿಸಲು ವಯಸ್ಸಾದವರು ರಾಜ್ಯ ಆಯೋಗದ ಬಾಗಿಲಿಗೆ ಹೋಗಬೇಕು ಎಂಬುದು ನನಗೆ ಸರಿಕಾಣುವುದಿಲ್ಲ. ಅನೇಕರು ಅಷ್ಟು ದೂರ ಹೋಗುವುದೂ ಇಲ್ಲ. ಮಕ್ಕಳಿಗೆ ಹೇಳಲು ಸಂಕೋಚ, ಓದು ಬಲ್ಲವರಾಗಿ ಮೋಸ ಹೋದೆವಲ್ಲ ಎಂಬ ಅವಮಾನ. ನನ್ನ ಮನೆಯವರೂ ಬಹಳ ದಿನ ಬಾಯಿ ಬಿಡಲಿಲ್ಲ. ಕಾರ್ಡಿನ ಕಂತು ಕಟ್ಟುತ್ತಲೇ ಇದ್ದರು.

ಆ ಮೌನವನ್ನು ಬಳಸಿಕೊಳ್ಳುವ ಮತ್ತೊಂದು ಕರೆಯ ಬಗ್ಗೆಯೂ ನಿಮಗೆ ತಿಳಿದಿರಲಿ. ಸದಸ್ಯತ್ವ ಕೊಂಡು ಸ್ವಲ್ಪ ಕಾಲವಾದ ಮೇಲೆ ಬೇರೊಂದು ಸಂಖ್ಯೆಯಿಂದ ಕರೆ ಬರುತ್ತದೆ: ನಿಮ್ಮ ಸದಸ್ಯತ್ವವನ್ನು ಒಳ್ಳೆಯ ಬೆಲೆಗೆ ಮಾರಿಸಿಕೊಡುತ್ತೇವೆ, ಅಥವಾ ಕಟ್ಟಿದ ಹಣವನ್ನು ವಾಪಸ್ ಕೊಡಿಸುತ್ತೇವೆ, ಅದಕ್ಕೆ ಮೊದಲು ಇಷ್ಟು ಶುಲ್ಕ ಕಟ್ಟಿ. ಕರೆ ಮಾಡಿದವರಿಗೆ ಸದಸ್ಯತ್ವದ ಸಂಖ್ಯೆ, ಕಟ್ಟಿದ ಮೊತ್ತ, ತಾರೀಖು ಎಲ್ಲವೂ ಗೊತ್ತಿರುತ್ತದೆ. ಅದು ಹೇಗೆ ಗೊತ್ತಾಯಿತು ಎಂಬುದನ್ನು ಯಾರಾದರೂ ತನಿಖೆ ಮಾಡಿದರೆ ಈ ಜಾಲದ ಒಳಗಿನ ನಂಟುಗಳು ಬಯಲಾಗುತ್ತವೆ ಎಂದು ನನಗನಿಸುತ್ತದೆ.

ಈ ಪತ್ರವನ್ನು ಓದುವ ಇತರರಿಗೆ ಒಂದು ಮಾತು. ಇಂಥ ಕರೆ ಬಂದರೆ ಏಳು ದಿನದೊಳಗೆ 1909ಕ್ಕೆ ದೂರು ಕೊಡಿ, ಕರೆದ ಜಾಗದ ಹೆಸರನ್ನು ವಿವರಣೆಯಲ್ಲಿ ಬರೆಯಿರಿ. ಹೋಗಿ ಸಹಿ ಹಾಕಿಬಿಟ್ಟಿದ್ದರೆ ಅದೇ ದಿನ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಮೂಲಕ ಒಪ್ಪಂದ ರದ್ದುಪಡಿಸುವಂತೆ ಬರೆದು ತಿಳಿಸಿ, ಕಾರ್ಡ್ ಕೊಟ್ಟ ಬ್ಯಾಂಕಿಗೂ ಲಿಖಿತವಾಗಿ ತಕರಾರು ಸಲ್ಲಿಸಿ, 1915ಕ್ಕೆ ಕರೆ ಮಾಡಿ. ಯುಪಿಐ ಮೂಲಕ ಹಣ ಹಾಕಿದ್ದರೆ 1930ಕ್ಕೆ ಕರೆ ಮಾಡಲು ಒಂದು ಗಂಟೆಯನ್ನೂ ತಡಮಾಡಬೇಡಿ. ಮನೆಯಲ್ಲಿ ಹಿರಿಯರು ಹೀಗೆ ಸಿಕ್ಕಿಬಿದ್ದರೆ ದಯವಿಟ್ಟು ಅವರನ್ನು ಬೈಯಬೇಡಿ, ಬೈದರೆ ಮುಂದಿನ ಕರೆಯ ಬಗ್ಗೆ ಅವರು ನಿಮಗೆ ಹೇಳುವುದಿಲ್ಲ.

ಮಾನ್ಯರೇ, ನಿಮ್ಮಿಬ್ಬರ ಕಚೇರಿಗಳಿಂದಲೂ ನಾನು ಕೇಳುವುದು ಒಂದು ಬಹಿರಂಗ ಉತ್ತರವನ್ನು. ಪ್ರವಾಸದ ಬಹುಮಾನದ ಹೆಸರಿನಲ್ಲಿ ಬಂದ ದೂರುಗಳು ಕಳೆದ ಒಂದು ವರ್ಷದಲ್ಲಿ ಎಷ್ಟು, ಅವುಗಳಲ್ಲಿ ಸಿಮ್ ಕಡಿತದ ಆಚೆಗೆ ಕರೆ ಮಾಡಿಸಿದ ಸಂಸ್ಥೆಯವರೆಗೆ ತನಿಖೆ ತಲುಪಿದ್ದು ಎಷ್ಟು, ಒಂದು ಪ್ರಾಧಿಕಾರದಿಂದ ಇನ್ನೊಂದಕ್ಕೆ ವರ್ಗಾವಣೆಯಾದ ದೂರುಗಳು ಎಷ್ಟು ಎಂಬುದನ್ನು ಪ್ರಕಟಿಸಿ. ಆ ಲೆಕ್ಕವನ್ನು ಇಡುತ್ತಿಲ್ಲವಾದರೆ ಇಂದಿನಿಂದ ಇಡಲು ಆದೇಶಿಸಿ. ನಮ್ಮ ಕುಟುಂಬದ ಪ್ರಕರಣದ ರಸೀದಿ, ಒಪ್ಪಂದ, ವೋಚರ್ ಮತ್ತು ಆಹ್ವಾನದ ಸಂದೇಶಗಳ ನಕಲುಗಳನ್ನು ನಿಮ್ಮ ತನಿಖಾಧಿಕಾರಿ ಕೇಳಿದ ದಿನವೇ ಒದಗಿಸುತ್ತೇನೆ, ಬೇಕಿದ್ದರೆ ಆ ಇಬ್ಬರು ಹಿರಿಯರೂ ಹೇಳಿಕೆ ಕೊಡಲು ಸಿದ್ಧರಿದ್ದಾರೆ.

ಇತಿ,
ನಿಮ್ಮ ಉತ್ತರದ ನಿರೀಕ್ಷೆಯಲ್ಲಿರುವ ಒಬ್ಬ ಗ್ರಾಹಕ